ಬೇಸಗೆ ಬಾರದ ವರ್ಷ

೧೮೧೫ನೆಯ ಇಸವಿ ಏಪ್ರಿಲ್ ೫ನೆಯ ದಿನ ಸಂಜೆ, ಆಗ ಆಂಗ್ಲರ ವಶದಲ್ಲಿದ್ದ ಜಾವಾ ದ್ವೀಪದಲ್ಲಿ ಫಿರಂಗಿ ಹಾರಿಸಿದಂತಹ ಶಬ್ದಗಳು ಕೇಳಿಸಿದುವು. ಸಮೀಪದ ಠಾಣೆಯ ಮೇಲೆ ಶತ್ರುಗಳು ಬಿದ್ದರೆಂದು ಬಗೆದು ಯೋಗ್ಯಕರ್ತ ನಗರದಿಂದ ಒಂದು ಪಡೆ ಹೊರಟಿತು. ಯಾವುದೋ ಹಡಗು ಅಪಾಯಕ್ಕೆ ಸಿಕ್ಕಿರಬೇಕೆಂದು ಕರಾವಳಿಯಿಂದ ದೋಣಿಗಳು ಹೊರಟುವು. ಶತ್ರುವೂ ಇರಲಿಲ್ಲ, ಹಡಗೂ ಇರಲಿಲ್ಲ. ಸುಮಾರು ೫೦೦ ಮೈಲಿಗಳಾಚೆ, ಸುಂಬಾವಾ ದ್ವೀಪದಲ್ಲಿ, ತಂಬೋರಾ ಎಂಬ ಅಗ್ನಿಪರ್ವತವು ಎಚ್ಚತ್ತಿತ್ತು.

ಏಪ್ರಿಲ್ ೧೦ನೆಯ ದಿನ ಅದರ ಕೋಪ ಮೇರೆ ಮೀರಿತು. ಸುಮಾರು ೧೪,೦೦೦ ಅಡಿ ಎತ್ತರವಿದ್ದ ಬೆಟ್ಟವು ೯,೩೦೦ ಅಡಿಗಳಷ್ಟಕ್ಕೆ ಇಳಿಯಿತು. ಶಿಖರವಿದ್ದ ಎಡೆಯಲ್ಲಿ ೪ ಮೈಲಿ ಅಗಲದ ಕುಳಿ ಉಳಿಯಿತು. ತಂಬೋರಾ, ಪೆಕಾಟ್ ಎಂಬ ಎರಡು ಪುಟ್ಟ ರಾಜ್ಯಗಳು ಪ್ರಜೆಗಳೊಡನೆ ಅಳಿದುವು. ಬೆಂಕಿಗೂ ಕಲ್ಲಿನ ಮಳೆಗೂ ಬಲಿಯಾದವರು ಹತ್ತು ಸಾವಿರಕ್ಕೆ ಮೇಲು; ಆದರೆ ಹೊಲಗಳು ಬೂದಿಯಲ್ಲಿ ಹೂತುಹೋದ ಮೇಲೆ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಅದಕ್ಕೆ ಹಲವು ಮಡಿ. ಜಾವಾದ ಲೆಫ್ಟಿನೆಂಟ್ ಗವರ್ನರ್ ರಾಫಲ್ಸ್ ಸಾಹೇಬರು ಅಕ್ಕಿಯೊಡನೆ ಕಳುಹಿಸಿದ ಓವನ್ ಫಿಲಿಪ್ಸ್ ಎಂಬ ಅಧಿಕಾರಿಯನ್ನು ಸಾಂಗ್ಗರ್ ರಾಜ್ಯದ ಅರಸನು ಬಂದು ಕಂಡನು. ತನ್ನ ಪುತ್ರಿಯರಲ್ಲೊಬ್ಬಳು ಅನ್ನವಿಲ್ಲದೆ ಸತ್ತಳೆಂದು ತಿಳಿಸಿದನು. ಅರಮನೆಯ ಪಾಡೇ ಹೀಗಿದ್ದರೆ ಗುಡಿಸಲುಗಳ ಪಾಡನ್ನು ಹೇಳಬೇಕೆ?

ಅನಾಹುತವು ಇಷ್ಟಕ್ಕೆ ನಿಲ್ಲಲಿಲ್ಲ. ಭಾರವಾದ ಬೂದಿ ಬೇಗನೆ ನೆಲಕ್ಕಿಳಿಯುವುದು. ಆದರೆ ಅದರೊಡನೆ ಮೇಲೇರಿದ ಗಂಧಕದ ಅನಿಲವು ಮೋಡಗಳನ್ನೂ ದಾಟಿ, ಅತಿ ಸೂಕ್ಷ್ಮವಾದ ಹನಿಗಳಾಗಿ ಮಾರ್ಪಟ್ಟಿತು. ಅಷ್ಟು ಎತ್ತರದಲ್ಲಿ ಅವನ್ನು ತೊಳೆಯುವ ಮಳೆಯಿಲ್ಲ. ಗಾಳಿಯು ಅವನ್ನು ಭೂಮಂಡಲದ ಸುತ್ತ ಹರಡಿತು. ಬಿಸಿಲಿನ ಒಂದಂಶವು ಆ ತೆಳುಪರದೆಗೆ ತಾಗಿ ಹಿಂದಿರುಗಿತು. ಜಗತ್ತಿನ ಸರಾಸರಿ ಉಷ್ಣತೆ ಕುಗ್ಗಿದ್ದು ಸೆಂಟಿಗ್ರೇಡ್ ಮಾಪನದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ. ಆದರೂ ೧೮೧೬ನೆಯ ಜೂನ್ ತಿಂಗಳಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿದ್ದಿತು. ಪಶ್ಚಿಮ ಯೂರೋಪಿನಲ್ಲಿ ಬೇಸಗೆಯೆಲ್ಲ ಮಳೆ ಸುರಿದು ಪೈರು ಕೊಳೆಯಿತು. ಚೀನಾದ ಯುನ್ನಾನ್ ಪ್ರಾಂತದಲ್ಲಿ ಬತ್ತದ ಬೆಳೆ ಕೆಟ್ಟು ಕ್ಷಾಮ ತಲೆದೋರಿತು.

ಹೀಗೆ ನೊಂದವರಲ್ಲಿ ಒಬ್ಬರೂ ಕಾರಣವನ್ನು ಅರಿಯರು. ಕೆಲವರು ಸೂರ್ಯನ ಮೇಲಿನ ಕಲೆಗಳನ್ನು ದೂರಿದರು. ಅಗ್ನಿಪರ್ವತದ ಹೊಗೆಯಿಂದ ಚಳಿ ಹೆಚ್ಚಬಹುದೆಂದು ಬೆಂಜಮಿನ್ ಫ್ರಾಂಕ್ಲಿನ್ನನು ೧೭೮೪ರಲ್ಲಿಯೇ ಊಹಿಸಿದ್ದನು. ಆದರೆ ೧೮೧೬ರ ಚಳಿಗೂ ತಂಬೋರಾಕ್ಕೂ ಇರುವ ನಂಟನ್ನು ಅಮೆರಿಕದ ಹಂಫ್ರೀಸ್ ಎಂಬ ವಿದ್ವಾಂಸನು ವಿವರಿಸಿದ್ದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ. ಗ್ರೀನ್‌ಲೆಂಡಿನ ಮತ್ತು ದಕ್ಷಿಣ ಧ್ರುವದ ಹಿಮದ ಪದರಗಳಲ್ಲಿ ದೊರೆತ ಗಂಧಕಾಂಶವು ಆಮೇಲೆ ಇದಕ್ಕೆ ಸಾಕ್ಷಿ ನುಡಿದಿದೆ.

೬.೬ ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋ ತೀರಕ್ಕೆ ಅಪ್ಪಳಿಸಿದ ಕ್ಷುದ್ರಗ್ರಹದ ಕಥೆಯೂ ಇದೇ ಜಾತಿಯದು. ದೂರದ ದೇಶಗಳ ಪ್ರಾಣಿಗಳನ್ನು ಕೊಂದದ್ದು ಬಹುಮಟ್ಟಿಗೆ ಪೆಟ್ಟಲ್ಲ, ಕವಿದ ಕತ್ತಲೆ. ಹಸುರು ಬಾಡಿದೊಡನೆ ಅದನ್ನು ನಂಬಿದ್ದ ಬಾಳೂ ಬಾಡಿತು.

೧೮೧೬ರಲ್ಲಿ ಲೋಕದ ಜನಸಂಖ್ಯೆ ಸುಮಾರು ೧೦೦ ಕೋಟಿ. ಈಗ ೮೦೦ ಕೋಟಿಗೆ ಮೇಲು. ಇಂದು ಅಂತಹ ಬೆಟ್ಟ ಸಿಡಿದರೆ, ಕೃತಕ ಉಪಗ್ರಹಗಳಿಂದ ಆ ಸಂಗತಿ ಅಂದೇ ನಮಗೆ ತಿಳಿಯುವುದು. ಆದರೆ ತಿಳಿದ ಮಾತ್ರಕ್ಕೆ ಕಣಜ ತುಂಬದು. ಒಂದು ಬೇಸಗೆ ತಪ್ಪಿದರೆ ಉಣ್ಣಲು ಎಷ್ಟು ಧಾನ್ಯವನ್ನು ಕೂಡಿಟ್ಟಿದ್ದೇವೆ? ಸಾಂಗ್ಗರ್ ಅರಸನ ಮಗಳ ಸಾವು ನಮ್ಮ ಮುಂದೆ ಇಡುವ ಪ್ರಶ್ನೆ ಇದು.