ಅಟೆನ್ಯುಯೇಟರ್ ಹಾಕಿ ವ್ಯಾಟ್ ಅರ್ಧ ಮಾಡಿದರೆ ಗಿಟಾರ್ ಆಂಪ್‌ನ ಸದ್ದೂ ಅರ್ಧ ಆಗುತ್ತಾ?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೋಂಸ್ಟೇ ಅಂಗಳದಲ್ಲಿ ರಾತ್ರಿ ಗಿಟಾರ್ ನುಡಿಸುವ ಯೋಚನೆ ಇದ್ದರೆ ಈ ಸಲಹೆ ನಿಮಗೂ ಸಿಗಬಹುದು: "ಆಂಪ್‌ಗೆ ಪವರ್ ಅಟೆನ್ಯುಯೇಟರ್ ಹಾಕಿ. 50 ವ್ಯಾಟ್ 25 ಆಗುತ್ತೆ, ಸದ್ದು ಅರ್ಧ ಆಗುತ್ತೆ, ಕರೆಂಟೂ ಉಳಿಯುತ್ತೆ, ಪಕ್ಕದ ತೋಟದವರ ತಕರಾರೂ ಇರಲ್ಲ." ಉಪಕರಣ ನಿಜ, ಅದು ಕೆಲಸ ಮಾಡುವುದೂ ನಿಜ. ಉಳಿದದ್ದು ತಪ್ಪು.

ಹಳೆಯ ವಾಲ್ವ್ ರೇಡಿಯೊ ನೆನಪಿದೆಯಲ್ಲ, ಟ್ಯೂಬ್ ಆಂಪ್ ಅದೇ ಬಳಗದ್ದು. ಪೂರ್ತಿ ಜೋರಿನಲ್ಲಿ ದುಡಿಸಿದಾಗಲೇ ಅದರಿಂದ ರಾಕ್ ಸಂಗೀತದ ಆ ಒರಟು ದನಿ ಹೊರಡುವುದು. ದನಿ ಬೇಕು, ಸದ್ದು ಬೇಡ ಎನ್ನುವವರಿಗಾಗಿ ಅಟೆನ್ಯುಯೇಟರ್ ಇದೆ. ಆಂಪ್ ಮತ್ತು ಸ್ಪೀಕರ್ ನಡುವೆ ಕೂತು ಶಕ್ತಿಯ ಒಂದು ಪಾಲನ್ನು ಶಾಖ ಮಾಡಿ ಕಳೆಯುತ್ತದೆ. 'ಬಾಸ್ಟನ್' ತಂಡದ ಗಿಟಾರ್ ವಾದಕ, ಎಂಜಿನಿಯರ್ ಟಾಮ್ ಶೋಲ್ಜ್ ರೂಪಿಸಿದ 'ಪವರ್ ಸೋಕ್' ಇಂಥದ್ದೇ ಹೆಸರಾಂತ ಪೆಟ್ಟಿಗೆ. ಗೋಡೆಯಲ್ಲಿ ಬಿಸಿಯಾಗುತ್ತಿದ್ದ ಹಳೆಯ ದಪ್ಪ ಫ್ಯಾನ್ ರೆಗ್ಯುಲೇಟರ್ ನೆನೆಸಿಕೊಂಡರೆ ಅರ್ಥವಾಗುತ್ತದೆ. (ಹಾಗಂತ ಫ್ಯಾನ್ ರೆಗ್ಯುಲೇಟರನ್ನೇ ಆಂಪ್‌ಗೆ ಜೋಡಿಸಬೇಡಿ!) ಆಂಪ್ ಮಾತ್ರ ಮೊದಲಿನಷ್ಟೇ ದುಡಿಯುತ್ತಿರುತ್ತದೆ. ಹಾಗಾಗಿ ಕರೆಂಟ್ ಉಳಿಯುವುದಿಲ್ಲ, ಟ್ಯೂಬ್ ಸವೆಯುವುದೂ ತಪ್ಪುವುದಿಲ್ಲ.

ಇನ್ನು ಸದ್ದಿನ ಲೆಕ್ಕ. ವ್ಯಾಟ್ ಅರ್ಧವಾದರೆ ಇಳಿಯುವುದು ಬರೀ 3 ಡೆಸಿಬಲ್. ಕಿವಿಗೆ ಸ್ವಲ್ಪ ಕಡಿಮೆ ಅನ್ನಿಸಬಹುದು, ಅಷ್ಟೇ. ಸದ್ದು ಅರ್ಧವಾಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ 50 ವ್ಯಾಟ್ 5ಕ್ಕೆ ಬರಬೇಕು. ಗಿಟಾರ್ ಸ್ಪೀಕರ್‌ಗಳು ಬಹಳ ಚುರುಕು. ಹಲವು ಸ್ಪೀಕರ್‌ಗಳು 1 ವ್ಯಾಟ್‌ಗೇ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಹತ್ತಿರ ಸದ್ದು ಮಾಡುತ್ತವೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ ಎಂದು ಹಿಡಿದು ನಾವು ಲೆಕ್ಕ ಹಾಕಿದೆವು: ಆ 1 ವ್ಯಾಟ್‌ನ ಸದ್ದು 64 ಮೀಟರ್ ಆಚೆಗೂ 64 ಡೆಸಿಬಲ್ ಆಸುಪಾಸು ಇರುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45. ಕಾಫಿ ಗಿಡ, ಮರ, ಗುಡ್ಡದ ತಿರುವು ಒಂದಿಷ್ಟು ತಡೆಯಬಹುದು. ಆದರೆ ತಣ್ಣನೆಯ, ಗಾಳಿಯಿಲ್ಲದ ರಾತ್ರಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗಿರುವಾಗ ಸದ್ದು ಕೆಳಕ್ಕೆ ಬಾಗಿ ಇನ್ನೂ ದೂರ ಹೋಗುತ್ತದೆ. ಕಣಿವೆಯ ಆಚೆ ಮಲಗಿದವರಿಗೆ ನಿಮ್ಮ ಪೆಟ್ಟಿಗೆಯ ಮೇಲೆ ಎಷ್ಟು ವ್ಯಾಟ್ ಬರೆದಿದೆ ಎಂಬುದು ಮುಖ್ಯವೇ ಅಲ್ಲ.

ಕಾನೂನಿಗೂ ಅಷ್ಟೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ, ಆಂಪ್ಲಿಫೈಯರ್, ವಾದ್ಯ ಬಳಸುವಂತಿಲ್ಲ. ಸರ್ಕಾರ ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅಟೆನ್ಯುಯೇಟರ್ ಹಾಕಿದವರಿಗೆ ವಿನಾಯಿತಿ ಎಂಬುದು ಅಲ್ಲಿ ಇಲ್ಲ.

ಕೊಳ್ಳುವುದೇ ಆದರೆ ಆಂಪ್‌ನ ಓಮ್ ಮತ್ತು ಅಟೆನ್ಯುಯೇಟರ್‌ನ ಓಮ್ ಹೊಂದಬೇಕು, ಅದರ ವ್ಯಾಟ್ ಸಾಮರ್ಥ್ಯ ಆಂಪ್‌ಗಿಂತ ಹೆಚ್ಚಿರಬೇಕು. ಸ್ಪೀಕರ್ ಕೇಬಲ್ಲನ್ನೇ ಬಳಸಿ, ಗಿಟಾರ್ ಕೇಬಲ್ ಬೇಡ. ಪೆಟ್ಟಿಗೆ ಚೆನ್ನಾಗಿ ಕಾಯುತ್ತದೆ, ಗೋಣಿಚೀಲದ ಮೇಲೆ ಇಡಬೇಡಿ. "ಸ್ಪೀಕರ್ ತೆಗೆದುಬಿಟ್ಟರೆ ಸದ್ದೇ ಇರಲ್ಲ" ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ಏನನ್ನೂ ಜೋಡಿಸದೆ ಟ್ಯೂಬ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ರಿಪೇರಿ ದುಬಾರಿ. ಸ್ಪೀಕರ್ ಬದಲು ಪೂರ್ತಿ ಶಕ್ತಿ ಹೀರುವ ಲೋಡ್ ಬಾಕ್ಸ್‌ಗಳಿವೆ. ಹೆಡ್‌ಫೋನ್ ಸೌಲಭ್ಯ ಇರುವಂಥದ್ದಾದರೆ ರಾತ್ರಿ ಎಷ್ಟು ಹೊತ್ತಾದರೂ ನುಡಿಸಬಹುದು. ನಿಮ್ಮದು ಟ್ರಾನ್ಸಿಸ್ಟರ್ ಆಂಪ್ ಆಗಿದ್ದರೆ ಇದೆಲ್ಲ ದುಡ್ಡು ದಂಡ. ವಾಲ್ಯೂಮ್ ಇಳಿಸಿದರೆ ಸಾಕು.