ಕಾರ್ಬನ್ ಕಡ್ಡಿಯ ಕಾಲ

ಟೂರಿಂಗ್ ಟಾಕೀಸಿನಲ್ಲಿ ಚಿತ್ರ ಮಬ್ಬಾದರೆ ಜನ 'ಫೋಕಸ್, ಫೋಕಸ್' ಅಂತ ಕೂಗೋರು. ಪಾಪ, ಲೆನ್ಸಿನದು ಬಹುಪಾಲು ತಪ್ಪಿರುತ್ತಿರಲಿಲ್ಲ. ತಪ್ಪು ಕಡ್ಡಿಯದು.

ಕ್ಸೆನಾನ್ ಬಲ್ಬು ಬರುವ ತನಕ ನಮಗೆಲ್ಲ ಬೆಳಕು ಅಂದರೆ ಆರ್ಕ್. ಲ್ಯಾಂಪ್‌ಹೌಸಿನೊಳಗೆ ತಾಮ್ರದ ಲೇಪದ ಎರಡು ಕಾರ್ಬನ್ ಕಡ್ಡಿ, ಒಂದು ಪಾಸಿಟಿವ್, ಒಂದು ನೆಗೆಟಿವ್. ತುದಿ ಮುಟ್ಟಿಸಿ ಬಿಡಿಸಿದರೆ ನಡುವೆ ಕಣ್ಣು ಕುಕ್ಕುವ ಉರಿ. ಹಿಂದಿನ ಕನ್ನಡಿ ಅದನ್ನು ಫಿಲ್ಮಿನ ಗೇಟಿಗೆ ಕೂಡಿಸಿ ಕಳಿಸುತ್ತದೆ. ಉರಿದಷ್ಟೂ ಕಡ್ಡಿ ಸವೆಯುತ್ತದೆ, ಅಂತರ ಹೆಚ್ಚುತ್ತದೆ; ಉರಿ ಜಾಗ ಬಿಟ್ಟು ಕದಲಿತೋ, ಪರದೆ ಕಂದು ತಿರುಗುತ್ತದೆ, ಇಲ್ಲವೇ ನೀಲಿಗೆ ಹೊರಳುತ್ತದೆ. ಕಪ್ಪು ಗಾಜಿನ ಕಿಂಡಿಯಲ್ಲಿ ನೋಡುತ್ತಾ ಹಿಡಿ ತಿರುಗಿಸುತ್ತಲೇ ಇರಬೇಕು. 'ಪರದೆ ಏನ್ ನೋಡ್ತೀಯೋ, ಕಿಂಡಿ ನೋಡು. ಪರದೆ ಮೇಲೆ ಕಾಣೋ ಹೊತ್ತಿಗೆ ಜನಾನೂ ನೋಡಿರ್ತಾರೆ' ಅಂತ ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರು ಬೈಯೋರು.

ಉಳಿದ ರೋಗಗಳಿಗೆ ಬೇರೆ ಬೇರೆ ಲಕ್ಷಣ. ಟೈಟಲ್ಲಿನ ಬಿಳಿ ಅಕ್ಷರಕ್ಕೆ ಬಾಲ ಬಂದರೆ ಷಟರ್ ಹೊತ್ತು ತಪ್ಪಿದೆ: ಸೆಕೆಂಡಿಗೆ 24 ಸಲ ಫಿಲ್ಮು ಜರುಗುವಾಗ ಅದು ಬೆಳಕನ್ನು ಮುಚ್ಚಬೇಕು, ಮುಚ್ಚುತ್ತಿಲ್ಲ. ಚಿತ್ರ ನಡುಗಿದರೆ ಗೇಟ್ ನೋಡಬೇಕು. ಹೊಸ ಪ್ರಿಂಟಾದರೆ ಅದರ ಎಮಲ್ಷನ್ ಅಲ್ಲೇ ಕೂತು ಗಟ್ಟಿಯಾಗಿರುತ್ತದೆ. ಗಾಳಿಗೆ ಪರದೆಯೇ ಬೀಗಿ ಒಂದು ಮಗ್ಗುಲು ಮಸುಕಾಗುವುದೂ ಇತ್ತು. ಅದಕ್ಕೆ ಹಗ್ಗ ಬಿಗಿಯುವ ಹುಡುಗನೇ ಮೆಕ್ಯಾನಿಕ್.

ಆದರೆ ಮಬ್ಬಿನ ಅಸಲು ಕಾರಣ ಮಾಲೀಕರ ಲೆಕ್ಕದ ಪುಸ್ತಕದಲ್ಲಿತ್ತು ಅಂತಲೇ ನಾನು ಹೇಳುವುದು. ಕಡ್ಡಿಗೆ ದುಡ್ಡು, ಕರೆಂಟಿಗೂ ದುಡ್ಡು. ಆಂಪಿಯರ್ ಇಳಿಸು ಅನ್ನೋರು. ಉಳಿದ ಮೋಟು ತುಂಡುಗಳನ್ನೂ ಬಿಸಾಡುವಂತಿಲ್ಲ, ಜೋಡಿಸಿ ಉರಿಸಬೇಕು. ಜೋಡಣೆಯ ಹತ್ತಿರ ಬಂದಾಗ ಆರ್ಕ್ ಲಟಲಟ ಸಿಡಿಯೋದು, ಆ ಕಿಡಿ ಹಾರಿ ಕನ್ನಡಿಗೆ ಚುಕ್ಕೆ ಬೀಳೋದು. ಚುಕ್ಕೆ ಬಿದ್ದ ಕನ್ನಡಿ ಮತ್ತೆ ಬೆಳಕು ತಿನ್ನುತ್ತದೆ. ಕಪ್ಪು ಬಿಳುಪು ಚಿತ್ರಗಳಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಬಂದು ಕನ್ನಡಕ್ಕೂ ಪೂರ್ತಿ ಬಣ್ಣ ಬಂತಲ್ಲ, ಬಡ ಬೆಳಕಿನಲ್ಲಿ ಬಣ್ಣ ಏಳುವುದೇ ಇಲ್ಲ. ಸಿನಿಮಾಸ್ಕೋಪಿನಲ್ಲಿ ಇನ್ನೂ ಕಷ್ಟ. ಫಿಲ್ಮಿನಲ್ಲಿ ಅಡ್ಡಕ್ಕೆ ಅರ್ಧ ಕುಗ್ಗಿಸಿದ ಚಿತ್ರವನ್ನು ಲೆನ್ಸು ಎರಡರಷ್ಟು ಹಿಗ್ಗಿಸುತ್ತದೆ. ಇದ್ದಷ್ಟೇ ಬೆಳಕು ಅಗಲದ ಪರದೆಗೆಲ್ಲ ಹಂಚಿಹೋಗುತ್ತದೆ, ತೆಳು ಮಜ್ಜಿಗೆ.

ಕ್ಸೆನಾನ್ ಬಂದ ಮೇಲೆ ಹಿಡಿ ತಿರುಗಿಸುವ ಕೆಲಸ ತಪ್ಪಿತು, ಜಿಪುಣತನ ತಪ್ಪಲಿಲ್ಲ. ಗಂಟೆ ಮೀರಿದ ಬಲ್ಬಿನ ಗಾಜು ಒಳಗಿಂದ ಕಪ್ಪಾಗುತ್ತದೆ, ಬೆಳಕು ಮಿಣುಕುತ್ತದೆ. ಒತ್ತಡದ ಗ್ಯಾಸು ತುಂಬಿದ ಅದು ಒಡೆದರೆ ಕನ್ನಡಿಯೂ ಹಾಳು. ಬದಲಿಸುವಾಗ ಮುಖಕ್ಕೆ ಕವಚ, ಕೈಗೆ ಗ್ಲೌಸು ಬೇಕೇ ಬೇಕು. ಲೇಸರ್ ಬರುವ ತನಕ ದೊಡ್ಡ ಡಿಜಿಟಲ್ ಪ್ರೊಜೆಕ್ಟರುಗಳಲ್ಲೂ ಇದೇ ಬಲ್ಬು. ಪರಿಚಯದ ಟಾಕೀಸಿನ ಹುಡುಗರು 'ಅಣ್ಣಾ, ಪಿಕ್ಚರ್ ಡಲ್ ಹೊಡೀತಿದೆ, ಸೆಟ್ಟಿಂಗ್ ಏನು?' ಅಂತ ಫೋನ್ ಮಾಡಿದರೆ, ಬಲ್ಬು ಎಷ್ಟು ಗಂಟೆ ಉರಿದಿದೆ ಅಂತ ಮೊದಲು ಕೇಳುತ್ತೇನೆ.