ಸಮುದಾಯ ಶಾಲೆ (ಕಲಬುರಗಿ ಸೀಮೆ)

ಪಾಠ, ಮಕ್ಕಳ ಆರೋಗ್ಯ, ಪಾಲಕರ ಹೊಣೆ, ಊರಿನ ನೆರವು ಇವನ್ನು ಒಂದೇ ಅಂಗಳದಲ್ಲಿ ಸೇರಿಸುವ ಶಾಲೆ. ಆಳಂದ, ಜೇವರ್ಗಿ, ಅಫಜಲಪುರ ತಾಲ್ಲೂಕಿನ ಕರಜಗಿ ಭಾಗದ ಸರ್ಕಾರಿ ಶಾಲೆಗಳಿಗೆ ಈ ಹೆಸರಿಲ್ಲ. ಏರ್ಪಾಡು ಮಾತ್ರ ಹೆಚ್ಚುಕಡಿಮೆ ಇದೇ.

ಈ ಏರ್ಪಾಡಿನ ಬೇರು 2001ರ ಸರ್ಕಾರಿ ಆದೇಶದಲ್ಲಿದೆ. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಕೂಲಿ ಬಿಟ್ಟು ಸಭೆಗೆ ಬರುವ ತಾಯಿಗೆ ಅದು ಒಂದು ದಿನದ ದುಡಿಮೆಯ ಪ್ರಶ್ನೆ. ಹಾಜರಿ ಕಡಿಮೆಯಾದರೆ ಅವಳನ್ನು ದೂರುವುದು ನ್ಯಾಯವಲ್ಲ.

ಶಾಲೆಯ ಮಧ್ಯಾಹ್ನದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ಕಲಬುರಗಿಯೂ ಸೇರಿದಂತೆ ಉತ್ತರದ 7 ಜಿಲ್ಲೆಗಳಲ್ಲಿ. ದಾಸೋಹ ಎಂಬ ಮಾತು ಶರಣರ ಈ ನಾಡಿಗೆ ಹೊಸದಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು, 2021ರ ಡಿಸೆಂಬರಿನಲ್ಲಿ ಮೊಟ್ಟೆ ಸೇರಿದವು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ರಾಜ್ಯದಲ್ಲಿ ಮೊಟ್ಟೆ ವಾರಕ್ಕೆ 6 ದಿನವಾಯಿತು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (2013) ವೈದ್ಯ ತಂಡ ಶಾಲೆಗೆ ಬಂದು ತೂಕ, ಎತ್ತರ, ಕಣ್ಣು, ಹಲ್ಲು ನೋಡುತ್ತದೆ. ಕಣ್ಣಿನ ಕೆಳರೆಪ್ಪೆ ಎಳೆದು ರಕ್ತಹೀನತೆ ಗುರುತಿಸುತ್ತದೆ. ದೋಷ ಕಂಡ ಮಗುವನ್ನು ಚೀಟಿ ಕೊಟ್ಟು ಮೇಲಿನ ಆಸ್ಪತ್ರೆಗೆ ಕಳಿಸುತ್ತದೆ. ಆ ಚೀಟಿ ಮನೆಗೆ ಮುಟ್ಟಿತೇ, ಮಗು ಆಸ್ಪತ್ರೆಗೆ ಹೋಯಿತೇ ಎಂದು ವಿಚಾರಿಸುವ ಕೆಲಸವನ್ನು ಎಸ್‌ಡಿಎಂಸಿ ಸದಸ್ಯರು ತಮ್ಮದೆಂದು ತಿಳಿಯಬೇಕು.